ಇನ್ನೊಬ್ಬಳಿಗೆ ಕೊಟ್ಟ ಎದುರುಪದ

ಕೊಳತ್ತೂರಿನಿಂದ ಮೆಟ್ಟೂರಿಗೆ ಹೋಗುವ ಬೆಳಗಿನ ಬಸ್ಸು. ಕಿಟಕಿ ಪಕ್ಕದ ಸೀಟು ಸಿಕ್ಕಿದ ಖುಷಿಯಲ್ಲಿ ಮೇನಕಾ ಟಿಫನ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡ್ರೈವರ್ ಹಾಡಿನ ಸೌಂಡ್ ಏರಿಸಿದ.

"ತೆನೆ ಮುರಿಯೋ ಗಿಳಿಯೇ, ಆ ಕಡೀಕೆ ಓಗೇ...
ಆ ಕಡೆ ಇರೋನು ಉಂಡ್ನೇನೋ ಕೇಳ್ಕೊಂಡು ಬಾರೇ..."

ಮೇನಕಾಳ ಕೈ ಡಬ್ಬಿಯ ಮೇಲೆ ಹಾಗೇ ನಿಂತುಬಿಟ್ಟಿತು.

ಇದು ಅವಳ ಪದ! ಪಾಲಮಲೆಯ ಮೇಲೆ, ಸಾಮೆ ಹೊಲದ ಅಟ್ಟಣೆಯಲ್ಲಿ ಕೂತು ಗಿಳಿ ಓಡಿಸುತ್ತಾ ಅವಳು ಹಾಡುವ ಪದ. ಅವಳ ಅಜ್ಜಿ ಕಟ್ಟಿ ಕಲಿಸಿದ ಪದ. ಆದರೆ ದನಿ ಮಾತ್ರ ಅವಳದಲ್ಲ. ಯಾರೋ ಹೆಣ್ಣು, ಬೆಣ್ಣೆ ಸವರಿದ ಹಾಗೆ ನುಣ್ಣಗೆ ಹಾಡುತ್ತಿದ್ದಾಳೆ.

ಅದಾದ ಮೇಲೆ ಬಂತು ನೋಡಿ ಗಂಡುದನಿ.

"ಉಂಡಿಲ್ಲ ಅಂತ ಏಳೇ ಗಿಳಿಯೇ...
ಉಣ್ಣಾಕಿಕ್ಕೋಳು ಈ ಕಡೆ ಇಲ್ಲ ಅಂತ ಏಳೇ..."

ಮುತ್ತುಸ್ವಾಮಿ! ಸಂತೆಯ ಗದ್ದಲದಲ್ಲಿ ಕೆಮ್ಮಿದರೂ ಅವಳು ಗುರುತು ಹಿಡಿಯುವ ದನಿ ಅದು.

'ಜವಾಬು ಕೊಟ್ನಾ? ನನ್ ಮಾವ... ಇನ್ನೊಬ್ಬಳಿಗೆ ಜವಾಬು ಕೊಟ್ನಾ?'

ಪಕ್ಕದಲ್ಲಿದ್ದ ಹೆಂಗಸು ತಾಳ ಹಾಕುತ್ತಾ, ಹಾಡಿದವರಿಬ್ಬರೂ ನಿಜವಾಗಿಯೂ ಪ್ರೀತಿಸುವವರೇ ಇರಬೇಕು, ಇಲ್ಲದಿದ್ದರೆ ಹೀಗೆ ಹಾಡಲು ಬರುತ್ತದೆಯೇ ಎಂದು ತಮಿಳಿನಲ್ಲಿ ಹೇಳಿದಳು. ಪಾಪ, ಅವಳಿಗೇನು ಗೊತ್ತು? ಮೇನಕಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಡ್ಯಾಮಿನ ನೀರು ಕಾಣುತ್ತಿತ್ತು, ಕಣ್ಣಲ್ಲೂ ನೀರೇ ಇದ್ದುದರಿಂದ ಅವಳಿಗೆ ಏನೂ ಸರಿಯಾಗಿ ಕಾಣಲಿಲ್ಲ.

ಒಂದು ಹಾಡಿಗೆ ಇಷ್ಟೊಂದು ಸಂಕಟವೇ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ಮೇನಕಾಳ ಹಟ್ಟಿಯವರು ಕೇಳುವುದಿಲ್ಲ.

ಅವರ ಹಟ್ಟಿಯಲ್ಲಿ ತೆನೆ ಬಲಿಯುವ ಕಾಲಕ್ಕೆ ಹೊಲಹೊಲಕ್ಕೂ ಅಟ್ಟಣೆ ಕಟ್ಟುತ್ತಾರೆ. ಗಿಳಿ ಕಾಯುವ ಹೆಣ್ಣುಮಕ್ಕಳು ಸುಮ್ಮನೆ ಹೋ ಹೋ ಎಂದು ಕೂಗಿ ಗಂಟಲು ಒಣಗಿಸಿಕೊಳ್ಳುವ ಬದಲು ಪದ ಹಾಡುತ್ತಾರೆ. ಹಳ್ಳದ ಆಚೆ ಹೊಲದಲ್ಲಿರುವ ಗಂಡು ಅದಕ್ಕೆ ಎದುರುಪದ ಕಟ್ಟಿ ಹಾಡಬಹುದು, ಸುಮ್ಮನೆಯೂ ಇರಬಹುದು. ಹೆಚ್ಚಿನವರು ಬಾಯಿ ಮುಚ್ಚಿಕೊಂಡು ಸುಮ್ಮನಿರುತ್ತಾರೆ. ಯಾಕೆಂದರೆ ಎದುರುಪದ ಕೊಟ್ಟರೆ ಮಾತು ಕೊಟ್ಟ ಹಾಗೆ. ಒಬ್ಬಳಿಗೆ ಕೊಟ್ಟ ಬಾಯಿ ಇನ್ನೊಬ್ಬಳಿಗೆ ಕೊಡಕೂಡದು.

ಅಜ್ಜಿ ದೊಡ್ಡಮುನಿಯಮ್ಮ ಈ ಪದ ಕಟ್ಟಿದ್ದು ಪ್ರಾಯದಲ್ಲಿ. ಅದಕ್ಕೆ ಎದುರುಪದ ಕೊಟ್ಟವನೇ ಅವಳನ್ನು ಕೈಹಿಡಿದ. ತಾತ ಹಾಡಿದ್ದೇನು ಎಂದು ಮೊಮ್ಮಗಳು ಎಷ್ಟು ಪೀಡಿಸಿದರೂ ಅಜ್ಜಿ ಬಾಯಿಬಿಟ್ಟಿಲ್ಲ. ಹೆಣ್ಣಿನ ಪದ ಎಲ್ಲರದ್ದು, ಎದುರುಪದ ಮಾತ್ರ ಅವಳೊಬ್ಬಳದು ಎನ್ನುತ್ತಾಳೆ.

ಹಿಂದಿನ ಸುಗ್ಗಿಯಲ್ಲಿ ಮೇನಕಾ ಅಟ್ಟಣೆಯ ಮೇಲೆ ಕೂತು, ಯಾರೂ ಇಲ್ಲವೆಂದುಕೊಂಡು ಹಾಡಿದ್ದಳು. ಆಚೆಯಿಂದ "ಉಂಡಿಲ್ಲ ಅಂತ ಏಳೇ..." ಎಂದು ದನಿ ಬಂದಾಗ ಎದೆ ಧಸಕ್ಕೆಂದು, ದುಪ್ಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಟ್ಟಣೆಯ ಮೇಲೆಯೇ ಬೋರಲು ಮಲಗಿಬಿಟ್ಟಳು. ಆವತ್ತು ಗಿಳಿಗಳಿಗೆ ಹಬ್ಬ! ಹೊಲದ ಒಂದು ಮೂಲೆಯೇ ಖಾಲಿಯಾಗಿ, ಸಂಜೆ ಅಪ್ಪನ ಕೈಲಿ ಬೈಸಿಕೊಂಡದ್ದೂ ಆಯಿತು. ಬೈಗುಳ ಕಿವಿಗೇ ಬೀಳಲಿಲ್ಲ.

ಮುತ್ತುಸ್ವಾಮಿ ಮಲೆಗೆ ಜೀಪು ಓಡಿಸುವವನು. ಸಂಬಂಧದಲ್ಲಿ ಮಾವನಾಗಬೇಕು, ಅಂದರೆ ಮದುವೆಯಾಗಬಹುದಾದ ವರಸೆ. ಅಲ್ಲಿಂದಾಚೆ ವಾರಕ್ಕೊಮ್ಮೆ ಅವಳು ಮೆಟ್ಟೂರಿನಿಂದ ಊರಿಗೆ ಬಂದಾಗ ಜೀಪಿನ ಮುಂದಿನ ಸೀಟು ಅವಳಿಗೇ. ಪ್ರೀತಿ ಗೀತಿ ಎಂದು ಇಬ್ಬರೂ ಬಾಯಿಬಿಟ್ಟು ಒಂದು ಮಾತೂ ಆಡಿಕೊಂಡಿರಲಿಲ್ಲ. ಯಾಕೆ ಆಡಬೇಕು? ಎದುರುಪದ ಕೊಟ್ಟಾಗಿತ್ತಲ್ಲ.

ಹೀಗಿರುವಾಗ ಸೇಲಂನಿಂದ ಹರಿಪ್ರಸಾದ್ ಎಂಬುವರು ಬಂದರು. ಅಲ್ಲಿಯ ನಾಲ್ಕು ರೋಡು ಸರ್ಕಲ್ಲಿನ ಹತ್ತಿರ ಚಿಕ್ಕದೊಂದು ಸ್ಟುಡಿಯೋ ಇಟ್ಟುಕೊಂಡು ಹಳ್ಳಿಯ ಹಾಡುಗಳನ್ನು ರೆಕಾರ್ಡ್ ಮಾಡುವವರು. ಪದ ಕೇಳಿ ಕುಣಿದುಬಿಟ್ಟರು. ಅಜ್ಜಿ ಒಪ್ಪಿದಳು, ಮುತ್ತುಸ್ವಾಮಿ ಒಪ್ಪಿದ. ಒಪ್ಪದವಳು ಯಾರು ಹೇಳಿ? ನಮ್ಮ ಮೇನಕಾ! ಆ ಡಬ್ಬದಂಥ ರೂಮಲ್ಲಿ ಕೂತು ಹಾಡುವುದಿಲ್ಲ ಎಂದಳು. ಮುತ್ತು ಮತ್ತೆ ಮತ್ತೆ ಕರೆದ, ಅವಳು ಮತ್ತೆ ಮತ್ತೆ ಬಾರೆನೆಂದಳು. ಒಳಗೆ ನಾಚಿಕೆ. ಜನ ಏನಂದಾರು ಎಂಬ ಭಯ ಅದಕ್ಕಿಂತ ಹೆಚ್ಚು. ಸರಿ, ಅವನೊಬ್ಬನೇ ಹೋದ. ಅವನೊಬ್ಬನೇ ಹಾಡಿ ಬಂದಾನು ಎಂದುಕೊಂಡು ಇವಳು ನೆಮ್ಮದಿಯಾಗಿದ್ದಳು.

ಈಗ ಬಸ್ಸಿನಲ್ಲಿ ಆ ನೆಮ್ಮದಿ ಪುಡಿಯಾಯಿತು.

ಮೆಟ್ಟೂರಿನ ದೊಡ್ಡ ಜವುಳಿ ಅಂಗಡಿಯಲ್ಲಿ ಮೇನಕಾ ಬಿಲ್ ಹಾಕುವವಳು. ಮಾರನೇ ದಿನ ಮಧ್ಯಾಹ್ನ ಕ್ಯೂನಲ್ಲಿ ಮುತ್ತುಸ್ವಾಮಿ ನಿಂತಿದ್ದ. ಅವಳ ಕೌಂಟರ್ ತಲುಪಲು ಬೇರೆ ದಾರಿಯಿಲ್ಲದೆ ಒಂದು ಟವೆಲ್ ಎತ್ತಿಕೊಂಡು ಬಂದಿದ್ದ.

"ಮೇನ್ಕಾ, ಒಂದು ಮಾತೈತೆ."

"ಇದು ಬಿಲ್ಲು. ಡೆಲಿವರಿ ಆ ಕಡೆ."

"ನಾನು ಏಳೋದ ಕೇಳು..."

ಅವಳು ತಲೆ ಎತ್ತಿದಳು. "ಒಂದೇ ಕೇಳ್ತೀನಿ. ಎದುರುಪದ ಕೊಟ್ಟಿದ್ದು ನಿನ್ ಬಾಯಿ ತಾನೆ?"

"ಬಾಯಿ ನಂದೇ, ಆದ್ರೆ..."

"ಸಾಕು. ನೆಕ್ಸ್ಟ್."

ಹಿಂದಿನವರು ಮುಂದೆ ನೂಕಿದರು. ಅವನಿಗೂ ರೋಷ ಬಂತು. "ಕರ್ದಾಗ ಬಂದಿದ್ರೆ ಈ ಮಾತೇ ಇರ್ತಿರ್ಲಿಲ್ಲ" ಎಂದು ಟವೆಲ್ಲನ್ನು ಹೆಗಲಿಗೆಸೆದುಕೊಂಡು ಹೊರಟೇಹೋದ.

ಆ ಮಾತು ಸುಮ್ಮನೆ ಹೋಗಲಿಲ್ಲ, ಎದೆಗೆ ನಾಟಿತು. ನಿಜವಾದ ಮಾತು ನಾಟಿದಷ್ಟು ಸುಳ್ಳು ನಾಟುವುದಿಲ್ಲ. ಆ ಉರಿಯಲ್ಲೇ ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು.

ಇನ್ನು ಶುರುವಾಯಿತು ನೋಡಿ ಆ ಹಾಡಿನ ಮೆರವಣಿಗೆ!

ಮ್ಯೂಸಿಕ್ ಆ್ಯಪ್‌ನ ಟಾಪ್ ಐವತ್ತರಲ್ಲಿ ಮೊದಲು ಎಲ್ಲೋ ಕೊನೆಯಲ್ಲಿ ಕಾಣಿಸಿಕೊಂಡಿತು. ಆಮೇಲೆ ಕಂಬೈನಲ್ಲೂರಿನ ಮದುವೆಮನೆಯೊಂದರಲ್ಲಿ ಮದುಮಗ ಖಾಲಿ ತಟ್ಟೆ ಹಿಡಿದು, "ಉಂಡಿಲ್ಲ ಅಂತ ಏಳೇ" ಎಂದು ಮದುಮಗಳ ಮುಂದೆ ಕುಣಿದ. ಯಾರೋ ರೀಲ್ ಮಾಡಿ ಹಾಕಿದರು. ಅಷ್ಟೇ! ಊರೂರಲ್ಲಿ ಜನ ತಟ್ಟೆ ಹಿಡಿದು ಕುಣಿಯತೊಡಗಿದರು. ಕನ್ನಡದ ಒಂದಕ್ಷರ ಬಾರದ ಕಾಲೇಜು ಹುಡುಗರು, ಆಸ್ಪತ್ರೆಯ ನರ್ಸುಗಳು, ಕಲ್ಯಾಣಮಂಟಪದ ಅಡುಗೆಭಟ್ಟರು ಎಲ್ಲರಿಗೂ ಅದೇ ಪದ. ಹಾಡು ಒಂಬತ್ತಕ್ಕೆ ಬಂತು, ನಾಲ್ಕಕ್ಕೆ ಬಂತು. ಇನ್ನೇನು ಎರಡಕ್ಕೆ.

ಹಾಡು ಮೇಲೆ ಹತ್ತಿದಷ್ಟೂ ಮೇನಕಾ ಕೆಳಗಿಳಿದಳು.

ಅಂಗಡಿಯ ಸ್ಪೀಕರಿನಲ್ಲಿ ದಿನವಿಡೀ ಅದೇ. ಬಿಲ್ ಹಾಕುತ್ತಾ ಅವಳು ಹಲ್ಲು ಕಚ್ಚಿ ಕೇಳಬೇಕು. ಹಾಡಿದವಳ ಹೆಸರು ಮೈತ್ರೇಯಿ, ಸೇಲಂನವಳು, ಸಂಗೀತ ಕಲಿತವಳು, ಮನೆಮಾತು ಕನ್ನಡವೇ ಎಂದು ಗೊತ್ತಾಯಿತು. ಗೊತ್ತಾಗದೆ ಏನು? ಅವಳ ಫೋಟೋಗಳನ್ನೆಲ್ಲ ಮೇನಕಾ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದಳು. ಮೂಗು ಸ್ವಲ್ಪ ದಪ್ಪ ಅನ್ನಿಸಿದ ದಿನ ಸಮಾಧಾನವಾಗುತ್ತಿತ್ತು. ಮರುದಿನ ಇನ್ನೊಂದು ಫೋಟೋದಲ್ಲಿ ಮೂಗು ಚೆನ್ನಾಗಿಯೇ ಕಾಣುತ್ತಿತ್ತು. ಒಂದು ಸಲ ಅವಳ ಹಾಗೆಯೇ ಬೈತಲೆ ಓರೆ ತೆಗೆದು ಕನ್ನಡಿ ನೋಡಿ, ತನ್ನ ಮೇಲೆ ತಾನೇ ಅಸಹ್ಯಪಟ್ಟು ಕೂದಲು ಕೆದರಿಕೊಂಡಳು.

ಪೋಸ್ಟರಿನಲ್ಲಿ ಮೈತ್ರೇಯಿಯೂ ಮುತ್ತುವೂ ಅಕ್ಕಪಕ್ಕ. ಧರ್ಮಪುರಿಯಲ್ಲಿ ಸ್ಟೇಜ್ ಶೋ, ಸೇಲಂನಲ್ಲಿ ಸ್ಟೇಜ್ ಶೋ. ಅವನಿಗೆ ಯಾರೋ ಜರಿಯಂಚಿನ ಪಂಚೆ ಉಡಿಸಿದ್ದಾರೆ. 'ಅದನ್ನ ಯಾರು ಆರಿಸಿದ್ರು? ಅವಳೇನಾ?' ಜವುಳಿ ಅಂಗಡಿಯವಳಲ್ಲವೇ, ಪಂಚೆಯ ಅಂಚು ನೋಡಿಯೇ ಹೊಟ್ಟೆ ಉರಿಯಿತು. ಮೈತ್ರೇಯಿ ಎಷ್ಟು ಚಂದ ಹಾಡಿದರೂ ಮೇನಕಾಗೆ ಅಷ್ಟು ನೋವಾಗುತ್ತಿರಲಿಲ್ಲ. ಆ ಎದುರುಪದ ಇತ್ತಲ್ಲ... ತನಗೆಂದೇ ಹುಟ್ಟಿದ್ದು, ತಾನೊಬ್ಬಳೇ ದುಪ್ಪಟ್ಟಾದೊಳಗೆ ಮುಖ ಹುದುಗಿಸಿ ಕೇಳಿದ್ದು... ಅದನ್ನು ಎತ್ತಿ ಅವಳ ಮಡಿಲಿಗೆ ಹಾಕಿದನಲ್ಲ ಎಂಬುದೇ ನೋವು.

ಅಜ್ಜಿಯದು ಬೇರೆಯೇ ಲೋಕ. ಹಾಡು ನಂಬರ್ ಒನ್ ಆಯಿತು ಎಂದು ಯಾರೋ ಹೇಳಿದಾಗ, ಹಂಗಾದರೆ ಅದಕ್ಕೂ ಮೊದಲು ಅಲ್ಲಿದ್ದ ಹಾಡು ಎಲ್ಲಿಗೆ ಹೋಯಿತು ಪಾಪ ಎಂದು ಕೇಳಿದಳು. ಆಮೇಲೆ ಮೊಮ್ಮಗಳ ಮುಖ ನೋಡಿ, ಅವನನ್ನು ಕೂರಿಸಿಕೊಂಡು ಕೇಳಿದ್ದೀಯಾ ಎಂದಳು. ಕೇಳುವುದೇನಿದೆ, ಊರಿಗೇ ಕೇಳಿಸುತ್ತಿದೆಯಲ್ಲ ಎಂದಳು ಮೇನಕಾ.

ಅದೇ ದಿನ ಅಪ್ಪ ಒಂದು ಸಂಬಂಧ ತಂದರು. ಗೋವಿಂದರಾಜ್, ಮೆಟ್ಟೂರು ಥರ್ಮಲ್ ಪವರ್ ಸ್ಟೇಷನ್‌ನಲ್ಲಿ ಕೆಲಸ, ಒಳ್ಳೆಯ ಮನೆತನ. ಹಿಂದೆ ಎಷ್ಟೋ ಸಂಬಂಧಗಳನ್ನು ತಿರುಗಿಸಿ ಕಳಿಸಿದ್ದ ಹುಡುಗಿ ಈ ಸಲ ಹೂಂ ಅಂದುಬಿಟ್ಟಳು. ಹಾಡು ಒಂದಕ್ಕೇರಿದ ದಿನ ಇವಳೂ ತನ್ನ ಹಟದ ತುದಿಗೇರಿದಳು. ಬರುವ ಶುಕ್ರವಾರ ಗಂಡಿನ ಕಡೆಯವರು ಹೂವು ಮುಡಿಸಲು ಬರುತ್ತಾರೆ ಎಂದು ನಿಶ್ಚಯವಾಯಿತು. ಹೂವು ಮುಡಿದರೆ ಮುಗಿಯಿತು. ಆ ಹಟ್ಟಿಯಲ್ಲಿ ಮುಡಿದ ಹೂವನ್ನು ತೆಗೆದವರಿಲ್ಲ.

'ಅವನು ಕೊಡಬಾರದ ಕಡೆ ಕೊಟ್ಟ. ನಾನೂ ಮುಡೀತೀನಿ... ನೋಡ್ಲಿ.'

ನೋಡಲಿ ಎಂದವಳು ಅವತ್ತಿನಿಂದ ಸರಿಯಾಗಿ ಉಣ್ಣಲಿಲ್ಲ, ನಗಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ಬೇಯುವುದು ಯಾವಾಗಲೂ ಸ್ವಂತ ಹೊಟ್ಟೆಯೇ ತಾನೆ?

ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ಇದ್ದಕ್ಕಿದ್ದ ಹಾಗೆ ಗದ್ದಲವಾಯಿತು. ಸೇಲ್ಸಿನ ಹುಡುಗಿಯರೆಲ್ಲ ಸೀರೆ ಬಿಟ್ಟು ಬಾಗಿಲ ಕಡೆ ಓಡಿದರು. ಸೆಲ್ಫಿ, ಕಿಲಕಿಲ. ಆ ಗುಂಪನ್ನು ಸರಿಸಿಕೊಂಡು ಒಬ್ಬಳು ನೇರವಾಗಿ ಬಿಲ್ ಕೌಂಟರಿಗೆ ಬಂದಳು. ಕೈಯಲ್ಲಿ ಬಟ್ಟೆಯಿಲ್ಲ, ಮುಖದಲ್ಲಿ ನಗುವೂ ಇಲ್ಲ.

ಮೈತ್ರೇಯಿ!

ಮೂಗು ದಪ್ಪವಿರಲಿಲ್ಲ. ಮೇನಕಾ ಮೊದಲು ನೋಡಿದ್ದೇ ಅದನ್ನು.

"ಮೇನಕಾ ನೀವೇನಾ?"

"ಹೂಂ. ಏನ್ ಬೇಕಿತ್ತು ಮೇಡಂ?"

"ನಿಮ್ಮನ್ನ ಒಂದ್ಸಲ ನೋಡ್ಬೇಕಿತ್ತು."

ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ಅಳೆದರು. ಹೆಂಗಸರಿಗೆ ಇದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇಲ್ಲಿ ನಿಂತು ಮಾತಾಡುವುದು ಬೇಡವೆಂದು ಮೈತ್ರೇಯಿಯೇ ಹೇಳಿದಳು. ಕೆಲಸದವರು ಊಟ ಮಾಡುವ ಹಿಂದಿನ ರೂಮಿಗೆ ಮೇನಕಾ ಅವಳನ್ನು ಕರೆದುಕೊಂಡು ಹೋದಳು. ಅವನನ್ನು ನನಗೆ ಬಿಟ್ಟುಕೊಡಿ ಎಂದು ಕೇಳಲು ಬಂದಿದ್ದಾಳೆ ಎಂದೇ ಅವಳ ಎಣಿಕೆ.

ಮೈತ್ರೇಯಿ ಕೂತುಕೊಂಡವಳೇ ಸಿಡಿದಳು. ಧರ್ಮಪುರಿಯ ಮೊದಲ ಶೋನಲ್ಲಿ ತಾನು ಪದ ಎತ್ತಿದೆ, ಆ ಮನುಷ್ಯ ಬಾಯಿ ಮುಚ್ಚಿಕೊಂಡು ನಿಂತ ಎಂದಳು. ಮೈದಾನದ ತುಂಬ ಜನ, ತಬಲದವನು ಬಾರಿಸುತ್ತಲೇ ಇದ್ದಾನೆ, ಇವನು ಮಾತ್ರ ತುಟಿ ಬಿಚ್ಚಲಿಲ್ಲ. ಮರೆತ ಎಂದುಕೊಂಡು ತಾನು ಮತ್ತೆ ಹಾಡಿದೆ. ಆಗಲೂ ಇಲ್ಲ. ಕೊನೆಗೆ ರೆಕಾರ್ಡ್ ಹಾಕಿ ಮಾನ ಉಳಿಸಿಕೊಂಡರಂತೆ. ಅಲ್ಲಿಂದ ಪ್ರತಿ ಶೋನಲ್ಲೂ ಅದೇ ಕಥೆ. ರೆಕಾರ್ಡ್ ಓಡುತ್ತದೆ, ಇವನು ಎತ್ತಲೋ ನೋಡುತ್ತಾ ತುಟಿ ಆಡಿಸುತ್ತಾನೆ.

"ನನ್ನ ಮುಖ ನೋಡಿ ಹಾಡೋಕೇನು ಕಷ್ಟ ಅಂತ ಕೇಳ್ದೆ. 'ನಮ್ಮ ಕಡೆ ಅಂಗಿಲ್ಲ ಮೇಡಂ' ಅಂದ್ರು. ಅಷ್ಟೇ ಅಂದಿದ್ದು."

ಮೇನಕಾ ಮುಂದಕ್ಕೆ ಬಾಗಿದಳು. "ಮತ್ತೆ... ರೆಕಾರ್ಡಲ್ಲಿ? ಅಲ್ಲಿ ನಿಮಗೆ ಕೊಟ್ಟಿದ್ದಾರಲ್ಲ?"

"ನನಗೆಲ್ಲಿ ಕೊಟ್ಟಿದಾರೆ?" ಮೈತ್ರೇಯಿ ಬ್ಯಾಗಿನಿಂದ ಫೋನ್ ತೆಗೆದಳು. "ಸ್ಟುಡಿಯೋದಲ್ಲಿ ಹೇಗೆ ಹಾಡಿಸ್ತಾರೆ ಗೊತ್ತಾ ನಿಮಗೆ? ಒಬ್ಬರು ಹಾಡೋವಾಗ ಇನ್ನೊಬ್ಬರು ಇರೋದೇ ಇಲ್ಲ."

ಮೇನಕಾಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಅವಳ ಹಟ್ಟಿಯಲ್ಲಿ ಈ ಕಡೆ ಹಾಡಿದರೆ ಆ ಕಡೆ ಕೇಳುವವನು ಇರಲೇಬೇಕು. ಇಬ್ಬರು ಬೇರೆ ಬೇರೆ ದಿನ ಹಾಡಿ, ಮೂರನೆಯವನು ಕೂತು ಎರಡನ್ನೂ ಅಂಟಿಸುತ್ತಾನೆ ಎಂದರೆ ಅಲ್ಲಿ ಯಾರೂ ನಂಬುವುದಿಲ್ಲ.

ಮೈತ್ರೇಯಿ ಹರಿಪ್ರಸಾದರ ಜೊತೆ ಜಗಳವಾಡಿ ತಿಳಿದುಕೊಂಡಿದ್ದನ್ನು ಹೇಳಿದಳು. ಮೇನಕಾಳ ಹೆಸರೂ ಅಂಗಡಿಯೂ ಗೊತ್ತಾಗಿದ್ದು ಅವರಿಂದಲೇ. ಮುತ್ತುಸ್ವಾಮಿಗೆ ಮೊದಲು ಆ ಮುಚ್ಚಿದ ರೂಮಿನಲ್ಲಿ ದನಿಯೇ ಏಳಲಿಲ್ಲವಂತೆ. ಬೆವೆತು, ನೀರು ಕುಡಿದು, ಕೊನೆಗೆ ತನ್ನ ಫೋನ್ ಕೊಟ್ಟು, ಇದರಲ್ಲಿರುವ ಪದವನ್ನು ಕಿವಿಗೆ ಹಾಕಿ, ಅದಕ್ಕೆ ಹಾಡುತ್ತೇನೆ ಎಂದನಂತೆ. ಕಿವಿಗೆ ಹೆಡ್‌ಫೋನ್ ಹಾಕಿದರು. ಒಂದೇ ಉಸಿರಿಗೆ ಹಾಡಿದ. ಫೋನಿನ ದನಿ ಹಾಡಿಗೆ ಸಾಲದು ಎಂದು ಆಮೇಲೆ ಮೈತ್ರೇಯಿಯಿಂದ ಹಾಡಿಸಿ ಸೇರಿಸಿದರು. ಹಾಡು ಹೊರಗೆ ಬರುವವರೆಗೆ ಅವನಿಗೂ ಅದು ಗೊತ್ತಿರಲಿಲ್ಲ.

"ಇದು ಅವರ ಟ್ರ್ಯಾಕ್. ಬರೀ ಅವರ ದನಿ. ಕೇಳಿ."

ಮೇನಕಾ ಇಯರ್‌ಫೋನ್ ಕಿವಿಗಿಟ್ಟುಕೊಂಡಳು. ಮೊದಲು ಏನೂ ಇಲ್ಲ, ಬರೀ ಅವನ ಉಸಿರು. ಅದರ ಹಿಂದೆ, ತುಂಬಾ ಹಿಂದೆ, ಸಣ್ಣಗೆ ಏನೋ... ಒಂದು ಗಿಳಿ ಕಿರುಚಿತು. ಅಜ್ಜಿ ಕೆಮ್ಮಿದಳು. ಒಂದು ಹೆಣ್ಣುದನಿ ಸೊಳ್ಳೆಯಷ್ಟು ತೆಳ್ಳಗೆ ಹಾಡಿತು.

"ತೆನೆ ಮುರಿಯೋ ಗಿಳಿಯೇ, ಆ ಕಡೀಕೆ ಓಗೇ..."

ತಾನೇ! ತನ್ನದೇ ದನಿ! ಯಾವ ಸುಗ್ಗಿಯಲ್ಲಿ ಹಳ್ಳದಾಚೆ ನಿಂತು ಫೋನಿಗೆ ಹಿಡಿದುಕೊಂಡಿದ್ದನೋ ಏನೋ. ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬಿದ್ದಿತ್ತು. ಅದು ಮುಗಿಯುವುದಕ್ಕೂ ಕಾಯದೆ ಮುತ್ತು ಹಾಡತೊಡಗಿದ.

ಮೇನಕಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಎಷ್ಟು ದಿನ... ಎಷ್ಟು ದಿನ ಅವನನ್ನು ಬೈದುಕೊಂಡಳು! ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆಮನೆಯಲ್ಲಿ ಜನ ತಟ್ಟೆ ಹಿಡಿದು ಕುಣಿಯುವಾಗಲೆಲ್ಲ ಅವನು ಜವಾಬು ಕೊಡುತ್ತಿದ್ದದ್ದು ಇವಳಿಗೇ.

"ಇದು ಹಾಡಲ್ಲಿ ಈಗಲೂ ಇದೆ," ಎಂದಳು ಮೈತ್ರೇಯಿ. ಅವಳ ಸಿಟ್ಟು ಇಳಿದು ಮುಖ ಬಾಡಿತ್ತು. "ಮ್ಯೂಸಿಕ್ ಸೇರಿದ ಮೇಲೆ ಬೇರೆ ಯಾರಿಗೂ ಗೊತ್ತಾಗಲ್ಲ. ನನಗೆ ಗೊತ್ತಾಗುತ್ತೆ. ನನ್ನ ಹೆಸರಲ್ಲಿ ನಂಬರ್ ಒನ್. ಎಲ್ಲಿ ಕೇಳಿದ್ರೂ ನನಗೆ ನೀವೇ ಕೇಳಿಸ್ತೀರಿ. ಹೊಟ್ಟೆಕಿಚ್ಚಾಗುತ್ತೆ ಕಣ್ರಿ."

ಮೇನಕಾ ಕಣ್ಣೊರೆಸಿಕೊಂಡಳು. "ನಂಗೂ ಅಕ್ಕಾ. ನಿಮ್ಮ ಫೋಟೋಗೆ ಎಷ್ಟು ಬೈದಿದ್ದೀನಿ ಗೊತ್ತಾ?"

ಮೈತ್ರೇಯಿ ನಕ್ಕಳು. ನಗು ಪೂರ್ತಿ ಸಂತೋಷದ್ದೇನೂ ಅಲ್ಲ, ಆದರೂ ನಗು. ನಿಮಗೆ ಸಿಕ್ಕಿದ್ದನ್ನು ಹಾಳು ಮಾಡಿಕೊಳ್ಳಬೇಡಿ ಎಂದು ಹೇಳಿ ಎದ್ದುಹೋದಳು.

ಹಾಳು ಮಾಡಿಕೊಳ್ಳಲು ಇನ್ನೊಂದೇ ರಾತ್ರಿ ಉಳಿದಿತ್ತು. ಬೆಳಗಾದರೆ ಶುಕ್ರವಾರ.

ಮೇನಕಾ ಅಲ್ಲೇ ಕೂತು ಗೋವಿಂದರಾಜನಿಗೆ ಫೋನ್ ಮಾಡಿದಳು. ತಪ್ಪು ತನ್ನದೆಂದೂ, ಸಿಟ್ಟಿನಲ್ಲಿ ಹೂಂ ಅಂದೆನೆಂದೂ, ಮನಸ್ಸು ಬೇರೆ ಕಡೆ ಇದೆಯೆಂದೂ ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು, ಮನೆಯವರು ಮಲೆ ಹತ್ತುವ ಮೊದಲೇ ಹೇಳಿದ್ದು ಒಳ್ಳೆಯದಾಯಿತು, ಅಮ್ಮನಿಗೆ ನಾನೇ ಹೇಳಿಕೊಳ್ಳುತ್ತೇನೆ ಎಂದ. ದನಿಯಲ್ಲಿ ನೋವಿತ್ತು, ಕಹಿಯಿರಲಿಲ್ಲ. ಅದನ್ನು ಕೇಳಿ ಅವಳಿಗೆ ಇನ್ನೂ ನಾಚಿಕೆಯಾಯಿತು. ಅಪ್ಪನಿಗೆ ಹೇಳುವ ಧೈರ್ಯವಾಗದೆ ಅಜ್ಜಿಗೆ ಫೋನ್ ಮಾಡಿದಳು. ಅಜ್ಜಿ ಪೂರ್ತಿ ಕೇಳದೆಯೇ, ನಿಮ್ಮಪ್ಪನ್ನ ನಾನು ನೋಡ್ಕೋತೀನಿ, ನೀನು ಮೊದಲು ಅವನನ್ನ ನೋಡು ಎಂದಳು.

ರಜೆ ಹೇಳಿ, ಸಿಕ್ಕಿದ ಬಸ್ಸು ಹತ್ತಿ ಕೊಳತ್ತೂರಿಗೆ ಬಂದಳು. ನಂಬರ್ ಒನ್ ಹಾಡಿನ ಗಾಯಕ ಜೀಪಿನ ಮೇಲೆ ನಿಂತು ಗ್ಯಾಸ್ ಸಿಲಿಂಡರಿಗೆ ಹಗ್ಗ ಬಿಗಿಯುತ್ತಿದ್ದ. ಶೋ ಇಲ್ಲದ ದಿನ ಅವನಿಗೆ ಅದೇ ಕೆಲಸ. ಅವಳನ್ನು ನೋಡಿದ. ಹಗ್ಗ ಬಿಗಿಯುವುದನ್ನು ನಿಲ್ಲಿಸಲಿಲ್ಲ.

ಮುಂದಿನ ಸೀಟಿನಲ್ಲಿ ಯಾರೋ ಕೂತಿದ್ದರು. ಮೇನಕಾ ಅವರನ್ನು ಹಿಂದಕ್ಕೆ ಹೋಗಲು ಹೇಳಿ ತಾನು ಕೂತಳು. ಹಿಂದೆ ಮೂಟೆಗಳ ನಡುವೆ ಮುನಿವೆಂಕಟಮ್ಮ ಎಂಬ ಮುದುಕಿ, ಇನ್ನೂ ನಾಲ್ಕಾರು ಜನ. ಜೀಪು ಹೊರಟಿತು.

ಕೆಲವು ತಿರುವುಗಳನ್ನು ದಾಟಿತು.

"ಕೇಳ್ದೆ ಮಾವ," ಎಂದಳು ಮೇನಕಾ. "ನೀನು ಸ್ಟುಡಿಯೋದಲ್ಲಿ ಆಡಿದ್ದು. ನನ್ ದನಿ ಹಿಂದೆ ಐತೆ."

"ಅದ್ನೇ ಏಳಾಕೆ ಬಂದಿದ್ದೆ. ಬಿಲ್ ಕೊಟ್ಟು ಕಳ್ಸ್ದೆ."

"ತಪ್ಪಾಯ್ತು." ಅವಳು ಕಣ್ಣು ತಗ್ಗಿಸಲಿಲ್ಲ. "ಕರ್ದಾಗ ಬರ್ಲಿಲ್ಲ, ಅದೂ ತಪ್ಪು. ಒಟ್ಟೆಕಿಚ್ಚಲ್ಲಿ ಬೆಂದೋದೆ. ಇನ್ನೇನ್ ಏಳ್ಲಿ?"

ಅವನು ರಸ್ತೆ ನೋಡುತ್ತಲೇ ಇದ್ದ. "ನಾಳೆ ಊವಾ ಮುಡೀತೀಯಂತೆ."

"ಇಲ್ಲ. ನಾನೇ ಫೋನ್ ಮಾಡಿ ಬ್ಯಾಡ ಅಂದೆ."

ಜೀಪು ಗಕ್ಕನೆ ನಿಂತಿತು. ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಬೈದರು. ಮುತ್ತುಸ್ವಾಮಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಸ್ಟೀರಿಂಗ್ ಮೇಲೆ ಹಣೆಯಿಟ್ಟ.

"ನಾನು ಓಗಿ ನೋಡ್ಕೊಂಡು ಬಂದೆ ಮೇನ್ಕಾ, ಆ ಗೋವಿಂದರಾಜ್‌ನ. ಥರ್ಮಲ್ ಗೇಟ್ ತಾವ. ಕೆಟ್ಟೋನಾಗಿದ್ರೆ ಸಾಕು, ನಿಮ್ಮಪ್ಪಂಗೆ ಏಳ್ಬೋದು ಅಂತ ಓದೆ. ಟೀ ಕೊಡ್ಸ್ದ. ಒಳ್ಳೇವ್ನು... ಅಷ್ಟು ಒಳ್ಳೇವ್ನು ಅಂತ ತಿಳೀತು ನೋಡು, ಅವತ್ತಿಂದ ನಂಗೆ ನಿದ್ದೆ ಇಲ್ಲ."

ಮೇನಕಾಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ತಾನೊಬ್ಬಳೇ ಬೆಂದೆನೆಂದುಕೊಂಡಿದ್ದಳು. ಅವನ ಹಣೆಯ ಮೇಲಿನ ಕೂದಲನ್ನು ಜನರ ಎದುರಿಗೇ ಸರಿಸಿದಳು.

"ಒಂದು ಕೇಳ್ತೀನಿ, ಕೊಡ್ತೀಯಾ?"

"ಏನು?"

"ಆ ಪದ ಈಗ ಎಲ್ಲರ್ದೂ ಆಗೋಯ್ತು ಮಾವ. ನಂಗೆ ಅಂತ ಏನೂ ಉಳ್ದಿಲ್ಲ. ಪದ ಬ್ಯಾಡ, ಸುಮ್ನೆ ಬಾಯಲ್ಲಿ ಏಳು."

ಲಕ್ಷಾಂತರ ಜನ ಗುನುಗುವ ದನಿ ಅವನದು. ಆಗ ನೋಡಬೇಕಿತ್ತು ಅವನ ಅವಸ್ಥೆ! ಬಾಯಿ ತೆರೆದ, ಮುಚ್ಚಿದ, ಗಂಟಲು ಸರಿಮಾಡಿಕೊಂಡ. ಕಿವಿಯವರೆಗೆ ಕೆಂಪಾದ. ಹಿಂದಿನಿಂದ ಮುನಿವೆಂಕಟಮ್ಮ, "ಏಳ್ಬಿಡಲಾ, ನನ್ ಕಾಲು ಜೋಮಿಡೀತೈತೆ" ಎಂದಳು.

ಮುತ್ತು ಮೇನಕಾಳ ಕಡೆ ತಿರುಗಿದ. ಹಿಂದಿನವರಿಗೆ ಕೇಳಿಸಬಾರದೆಂದು ಅವಳ ಕಿವಿಯ ಹತ್ತಿರ ಬಾಗಿದ.

"ನಂಗೆ ನೀನೇ ಬೇಕು ಮೇನ್ಕಾ. ನೀನಿಲ್ದೆ ಆಗಾಕಿಲ್ಲ."

ಅವಳು ಕಣ್ಣು ಮುಚ್ಚಿಕೊಂಡಳು. ಇಷ್ಟು ದಿನದ ಉರಿಯೆಲ್ಲ ಆ ಒಂದು ಮಾತಿಗೆ ತಣ್ಣಗಾಯಿತು. ಆದರೂ ಹೆಣ್ಣು ಹೆಣ್ಣೇ ನೋಡಿ. ಕಣ್ಣು ತೆರೆಯುವಷ್ಟರಲ್ಲಿ ಅವಳಿಗೆ ಇನ್ನೊಂದು ಯೋಚನೆ ಬಂದಿತ್ತು.

"ಇದ್ನ ಯಾವ ಮೈಕ್ ಮುಂದೇನೂ ಏಳ್ಬ್ಯಾಡ ಮಾವ."

"ಇಲ್ಲ. ಇದು ನಿಂಗೊಬ್ಬಳ್ಗೇ."